ಫೌಂಡ್ರಿ ಮಾಲಕರ ಪಾಠ

ನಮ್ಮ ಕಾಲೇಜಿನ ಎಂಬಿಎ ಹುಡುಗರಿಗೆ ತೀರಿಹೋದವರೊಬ್ರು ಪ್ರತಿ ವರ್ಷ ಬಂದು ಪಾಠ ಹೇಳ್ತಿದ್ರು. ದೆವ್ವ-ಗಿವ್ವ ಅಂತ ಹೆದರಬ್ಯಾಡ್ರಿ, ವಿಡಿಯೋ ಅದು. ಮಾಡಿಸಿದಾಕಿ ನಾನ.

ಸಿಟ್ಟಿನ್ಯಾಗ ಹುಟ್ಟಿದ ವಿಡಿಯೋ ಅಂದ್ರೂ ನಡೀತದ. ಮ್ಯಾನೇಜ್‌ಮೆಂಟ್ ಪುಸ್ತಕದಾಗ ಯಾವಾಗ ನೋಡಿದ್ರೂ ಹೊರದೇಶದ ಕಂಪನಿಗಳ ಕಥಿ. ಅಲ್ಲಿ ಯಾವನೋ ಸೂಟು ಹಾಕ್ಕೊಂಡಾಂವ ಕಾರ್ಖಾನಿ ಮುಚ್ಚಲ್ಯೋ ಬಿಡಲ್ಯೋ ಅಂತ ತಲಿ ಕೆರಕೋತಾನ, ಇಲ್ಲಿ ನಮ್ಮ ಹುಡುಗ್ರು ಆಕಳಸ್ತಾರ. ಇವರ ಅಪ್ಪ, ಕಾಕಾ ನಮ್ಮೂರಿನ ಕಾರ್ಖಾನಿಗಳಾಗ, ಗೋಕುಲ ರಸ್ತೆದಾಗ, ತಾರಿಹಾಳದಾಗ ಅದ ತಲಿಬ್ಯಾನಿ ದಿನಾ ಅನುಭವಿಸ್ತಾರ, ಅದು ಮಾತ್ರ ಪಾಠ ಅಲ್ಲಂತ! ಅಷ್ಟರಾಗ ಒಂದು ಸಂಸ್ಥಾದವರು, ಮ್ಯಾನೇಜ್‌ಮೆಂಟ್ ವಿಷಯಾ ಹೊಸಾ ರೀತಿಲೆ ಕಲಿಸೋರಿಗೆ ಗ್ರಾಂಟು ಕೊಡ್ತೀವಿ ಅಂತ ಅರ್ಜಿ ಕರದ್ರು. ನಾನೂ ಹಾಕಿದೆ. ನಮ್ಮೂರಿನ ಮಾಲಕರೊಬ್ಬರನ್ನ ಕ್ಯಾಮೆರಾ ಮುಂದ ಕೂಡಿಸ್ತೀನಿ, ತಾವು ತಗೊಂಡ ಕಠಿಣ ನಿರ್ಧಾರ ಒಂದನ್ನ ಅವರು ತಮ್ಮ ಬಾಯಿಲೆ ಹೇಳ್ಲಿ, ಆಮ್ಯಾಲ ಅದು ಸರಿಯೋ ತಪ್ಪೋ ಅಂತ ಹುಡುಗ್ರು ಜಗಳಾಡ್ಲಿ. ಇಷ್ಟ ನನ್ನ ವಿಚಾರ. ಇಂಟರ್‌ವ್ಯೂದಾಗ ಒಬ್ರು ಚಷ್ಮಾ ಏರಿಸಿಕೊಂಡು, "ಇದರಾಗ ಹೊಸಾದೇನದ ಮೇಡಂ?" ಅಂದ್ರು. "ಹುಬ್ಬಳ್ಳಿ ಅದರಿ," ಅಂದೆ. ನಕ್ಕುಬಿಟ್ರು. ಗ್ರಾಂಟು ಬಂತು.

ಕ್ಯಾಮೆರಾ ಮುಂದ ಕೂತವರು ತಾರಿಹಾಳದ ಒಂದು ಸಣ್ಣ ಫೌಂಡ್ರಿ ಮಾಲಕರು. ಪಂಪಿನ ಬಿಡಿಭಾಗ ಎರಕಾ ಹೊಯ್ಯೋ ಕೆಲಸ. ಅಪ್ಪ ಹಾಕಿದ್ದು, ಇವರು ನಡಸಿದ್ದು, ಕಡೀಕ ಇವರ ಮುಚ್ಚಿದ್ದು. ಖಾಲಿ ಶೆಡ್ಡಿನ್ಯಾಗ ಖುರ್ಚಿ ಹಾಕಿ ಕೂಡಿಸಿದ್ವಿ. ಬಿಳಿ ಅಂಗಿ, ಹಣಿ ಮ್ಯಾಲ ವಿಭೂತಿ, ಮಾತಿನ ನಡುವ ಒಣಾ ಕೆಮ್ಮು. ಆರ್ಡರ್ ಕಡಿಮಿ ಆಗಿದ್ದು, ಭಟ್ಟಿ ಹಳೇದಾಗಿದ್ದು, ಅಪ್ಪನ ಕಾಲದಿಂದ ಇದ್ದ ಕೆಲಸಗಾರರ ಮಾರಿ ನೋಡಿ ಹೇಳ್ಲಿಕ್ಕೆ ಬಾಯಿ ಬರಲಾರದ್ದು, ಒಂದೂ ಮುಚ್ಚಿಡದ ಹೇಳಿದ್ರು. ನಾನು ಕೇಳಿದೆ, "ಮುಚ್ಚೋದಕ್ಕಿಂತ ಮೊದಲ ಯಾರನ್ನ ಕೇಳಿದ್ರಿ?" ಅವರು ಕ್ಯಾಮೆರಾ ಬಿಟ್ಟು ನನ್ನ ಹಿಂದಿನ ಬಾಗಿಲ ಕಡೆ ನೋಡಿದ್ರು. ಆಮ್ಯಾಲ ತಿರುಗಿ ಕ್ಯಾಮೆರಾಕ್ಕ ಹೇಳಿದ್ರು, "ಯಾರನ್ನೂ ಕೇಳಲಿಲ್ರಿ. ನಾನ ಮುಚ್ಚಿದೆ. ಬರೋಬ್ಬರಿ ಮಾಡಿದ್ನೋ ಇಲ್ಲೋ, ನೀವ ಹೇಳ್ರಿ." ಅಲ್ಲಿಗೆ ವಿಡಿಯೋ ನಿಂತುಬಿಡ್ತದ.

ಗ್ರಾಂಟಿನವರು ಕುಣದಾಡಿದ್ದೊಂದು ಬಾಕಿ. "ಯಾರನ್ನೂ ಕೇಳಲಿಲ್ಲ ಅಂದ್ರಲಾ, ಅದ ನೋಡ್ರಿ ನಿಮ್ಮ ಪಾಠದ ಜೀವ," ಅಂದ್ರು. ಮುಂದಿನ ಸಲ ಮತ್ತ ಗ್ರಾಂಟು ಕೊಟ್ಟು, ಬ್ಯಾರೆ ಕಾಲೇಜುಗಳಿಗೂ ಇದನ್ನ ಕಳಿಸೋ ಮಾತು ನಡದಿತ್ತು. ಹುಡುಗ್ರಂತೂ ಮುಗಿಬಿದ್ರು. ಒಬ್ಬಾಂವ ಹುಂಬತನ ಅಂದ, ಒಬ್ಬಾಕಿ ಗಂಡಸಿನ ಅಹಂಕಾರ ಅಂದ್ಲು. ಹಿಂದಿನ ಬೆಂಚಿನವರು ಸೈತ ಎದ್ದು ಮಾತಾಡಿದ್ರು. ಕಲಿಸೋರಿಗೆ ಇದಕ್ಕಿಂತ ಸುಖ ಬ್ಯಾರೆ ಏನದ ಹೇಳ್ರಿ?

ಮರು ವರ್ಷ ಮಾಲಕರು ಎದಿ ಹಿಡಕೊಂಡು ಹೋಗಿಬಿಟ್ರು. ಅವರ ಮನಿಗೆ ಹೋಗಿ, ಹೆಂಡತಿಗೆ ಎರಡು ಮಾತು ಹೇಳಿ ಬಂದೆ. ಹೊಸಾ ಹುಡುಗ್ರು ಬಂದ ಮ್ಯಾಲ ವಿಡಿಯೋ ಹಚ್ಚಿದೆ, ದೀಪಾ ಆರಿಸಿದೆ. ಅವತ್ತ ನನಗ ಮೊದಲ ಸಲ ಅಂಜಿಕಿ ಬಂತು. ಸತ್ತದ್ದು ಅವರಿಗಿನ್ನೂ ಗೊತ್ತಿಲ್ಲ! ಅದ ಅಂಗಿ, ಅದ ಕೆಮ್ಮು, ಅದ ಪ್ರಶ್ನೆ. ಪರದೆ ಮ್ಯಾಲ ಅರ್ಧಾ ಕಣ್ಣು ಮುಚ್ಚಿ ನಿಂತ ಆ ಮಾರಿ ಎದುರಿಗೇ ಹುಡುಗ್ರು "ದಡ್ಡತನ, ದಡ್ಡತನ" ಅಂತ ಕೂಗ್ಲಿಕ್ಕೆ ಹತ್ತಿದ್ರು. ಅವರು ಕೇಳಿಸಿಕೊಳ್ತಾರ ಅನಿಸ್ತು. ಖರೇ ಹೇಳ್ತೀನಿ, ಅನಿಸ್ತು.

ಅಲ್ಲಿಂದ ಸುರು ಆತು ನೋಡ್ರಿ. ಮನ್ಯಾಗ ಸಾರಿಗೆ ಒಗ್ಗರಣಿ ಹಾಕೋ ಮುಂದ, ಹುಬ್ಬಳ್ಳಿ-ಧಾರವಾಡ ಬಸ್ಸಿನ್ಯಾಗ ಕಿಡಕಿಗೆ ತಲಿ ಹಚ್ಚಿದಾಗ, ನಟ್ಟ ನಡು ಹಗಲಿನ್ಯಾಗ, "ನೀವ ಹೇಳ್ರಿ" ಅನ್ನೋ ದನಿ. ನನ್ನ ಗಂಡ, "ಏನಾತು? ಯಾರ ಜೋಡಿ ಗೊಣಗಲಿಕ್ಕೆ ಹತ್ತಿ?" ಅಂತಿದ್ರು. "ನಿಮ್ಮ ಜೋಡಿ ಅಲ್ಲ ಬಿಡ್ರಿ," ಅಂತ ಬಾಯಿ ಮುಚ್ಚಿಸ್ತಿದ್ದೆ. ಕ್ಲಾಸಿನ್ಯಾಗ ನಾನು ಪರದೆಗೆ ಬೆನ್ನು ಮಾಡಿ ನಿಂದರೋದು ಬಿಟ್ಟೆ. ಬೆನ್ನಿನ ಹಿಂದ ಅವರು ನೋಡ್ಲಿಕ್ಕೆ ಹತ್ಯಾರ ಅನ್ನೋ ನಡುಕ. ಓದಿದಾಕಿ, ನಾಕು ಮಂದಿಗೆ ಬುದ್ಧಿ ಹೇಳೋ ಹೆಂಗಸು, ಹಿಂಗ ಹೆದರೋದಂದ್ರ ನಾಚಿಗ್ಗೇಡು. ಆದ್ರ ಹೆದರಿದ್ದು ಖರೇ.

ಹಿಂಗ ಎರಡ್ಮೂರು ವರ್ಷ ನಡೀತು. ಗ್ರಾಂಟಿನವರು ಮತ್ತ ಬಂದು ಪಾಠಾ ನೋಡೋದು ಇನ್ನೇನು ಹತ್ತಿರ ಬಂದಿತ್ತು. ಆಗ ಒಂದಿನ ಆ ಮಾಲಕರ ಹೆಂಡತಿ ನಮ್ಮ ಸ್ಟಾಫ್‌ರೂಮಿನ ಬಾಗಲಾಗ ಬಂದು ನಿಂತ್ರು. ಇಳಕಲ್ ಸೀರಿ, ತಲಿ ಮ್ಯಾಲ ಸೆರಗು.

"ಬರ್ರಿ ಅಮ್ಮಾರ, ಕೂಡ್ರಿ," ಅಂದೆ.

ಅವರು ಕೂಡಲಿಲ್ಲ. "ನನ್ನ ತಂಗಿ ಮಗಳು ನಿಮ್ಮಲ್ಲೇ ಕಲಿಯಾಕತ್ತಾಳ್ರಿ ಅಕ್ಕಾರ. ಮನಿಗೆ ಬಂದು ಒಂದ ಸವನ ಅತ್ಲು. 'ದೊಡ್ಡಪ್ಪಗ ಎಲ್ಲಾರೂ ದಡ್ಡ ಅಂದ್ರು, ನಾ ಬಾಯಿ ಬಿಡಲಿಲ್ಲ' ಅಂತ. ಅವರು ಏನ್ ಹೇಳ್ಯಾರ, ನನಗೊಂದಿಷ್ಟು ತೋರಸ್ರಿ."

ವಿಡಿಯೋ ಬಂದ್ ಮಾಡ್ರಿ ಅಂತ ಕೇಳ್ಲಿಕ್ಕೆ ಬಂದಾರ ಅಂದ್ಕೊಂಡೆ. ಕೇಳಿದ್ರ ತಪ್ಪೇನದ? ಖಾಲಿ ಕ್ಲಾಸಿಗೆ ಕರಕೊಂಡು ಹೋಗಿ ಹಚ್ಚಿದೆ. ಗಂಡನ ಮಾರಿ ಬಂದ ಕೂಡ್ಲೆ ಅವರು ಸೆರಗು ಸರಿ ಮಾಡ್ಕೊಂಡ್ರು. ಕೆಮ್ಮು ಬಂದಾಗೆಲ್ಲಾ ಅವರ ಕೈ ಬೆಂಚಿನ ಅಂಚು ಹಿಡೀತಿತ್ತು. "ಯಾರನ್ನೂ ಕೇಳಲಿಲ್ರಿ" ಅನ್ನೋದು ಕೇಳಿದ ಮ್ಯಾಲ, ಪರದೆ ಬಿಟ್ಟು ನನ್ನ ಕಡೆ ತಿರುಗಿದ್ರು.

"ಸುಳ್ಳು ಹೇಳ್ಯಾರ್ರಿ," ಅಂದ್ರು. "ನನ್ನ ಕೇಳಿದ್ರು. ನಾ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ದೆ. ಬಂದು ಗೋಡಿಗೆ ಒರಗಿ ನಿಂತು, 'ನಡಸಲ್ಯೋ, ಮುಚ್ಚಲ್ಯೋ, ನೀ ಹೇಳು' ಅಂದ್ರು. 'ಮುಚ್ರಿ' ಅಂದೆ. ಭಟ್ಟಿ ಹೊಗಿಗೆ ಅವರ ಎದಿ ಸುಟ್ಟು ಹೊಂಟಿತ್ರಿ. ಫೌಂಡ್ರಿ ಹೋದ್ರ ಹೋಗ್ಲಿ, ಜೀವಾ ಉಳೀಲಿ ಅಂತ ಅಂದೆ."

"ಮತ್ತ ಯಾಕ ಹಂಗ ಹೇಳಿದ್ರು?"

"ಅವತ್ತ ಚಾದ ಥರ್ಮಾಸು ಹಿಡಕೊಂಡು ನಾನೂ ಬಂದಿದ್ನೆಲ್ರಿ, ನಿಮ್ಮ ಹಿಂದ ಬಾಗಲಾಗ ನಿಂತಿದ್ದೆ. ನನ್ನ ಮಾರಿ ನೋಡಿ, ಆಮ್ಯಾಲ ಸುಳ್ಳು ಹೇಳಿದ್ರು. ಕೆಲಸಗಾರರ ಹೆಂಡರು ದಿನಾ ಕಾಯಿಪಲ್ಲೆ ಸಂತ್ಯಾಗ ನನ್ನ ಎದುರಿಗೆ ಬರ್ತಾರ. ಅವರ ಶಾಪ ನನಗ ತಟ್ಟಬಾರ್ದು, ತಮಗ ತಟ್ಟಲಿ ಅಂತ." ಸಣ್ಣ ದನೀಲೆ ಅಂದ್ರು, "ಮುಚ್ಚಿದ ಮ್ಯಾಲ ಮನ್ಯಾಗ ಸುಮ್ನ ಕೂತು ಕೂತು ಕರಗಿ ಹೋದ್ರು ಅಕ್ಕಾರ. ಭಟ್ಟಿ ತಿನ್ನೋ ಮುಂಚೆ ನನ್ನ ಮಾತ ತಿಂತೇನೋ ಅವರನ್ನ. ಯಾರನ್ನ ಕೇಳ್ಲಿ ನಾನು? ನಿಮ್ಮ ಹುಡುಗ್ರು ಇಂಥಾದ್ದ ಕಲಿಯಾಕ ಬಂದವರು. ಅವರನ್ನ ಕೇಳ್ತೇನಿ, ಒಮ್ಮಿ ನನ್ನ ಕ್ಲಾಸಿಗೆ ಬಿಡ್ರಿ. ಬೈಯೂದಿದ್ರ ನನಗ ಬೈಲಿ. ಸತ್ತವರಿಗೆ ಯಾಕ?"

ನನ್ನ ಬೆನ್ನು ಹತ್ತಿದ್ದ ದನಿ ಇವರ ಮನ್ಯಾಗ ಎಷ್ಟು ದಿನದಿಂದ ಅದನೋ, ಪಾಪ.

ಗ್ರಾಂಟಿನ ಆಫೀಸಿಗೆ ಫೋನು ಹಚ್ಚಿ ಎಲ್ಲಾ ಹೇಳಿ, ಅವರನ್ನೂ ಕ್ಲಾಸಿಗೆ ಕರೀತೀನಿ ಅಂದೆ. ಆ ಕಡೆ ಇದ್ದ ಸಾಹೇಬ್ರು ಭಾಳ ಮೆತ್ತಗ, "ಮೇಡಂ, ಒಬ್ಬರ ತಗೊಂಡ ನಿರ್ಧಾರ ಅನ್ನೋದಕ್ಕ ನಾವು ಒಪ್ಪಿದ್ದು. ಈಗ ಹೆಂಡತಿ ಅಂದ್ರ ಪಾಠದ ಬುಡಾನ ಅಲುಗ್ತದ. ಬೇಕಾದ್ರ ಕಡೀಕ ಒಂದು ಟಿಪ್ಪಣಿ ಹಾಕ್ರಿ," ಅಂದ್ರು.

"ಟಿಪ್ಪಣಿ? ಜೀವಂತ ಹೆಣ್ಣುಮಗಳನ್ನ ಟಿಪ್ಪಣಿ ಮಾಡ್ಲೇನ್ರಿ?"

"ಮತ್ತ ಗ್ರಾಂಟು ಮುಂದುವರಸೋದು ಕಷ್ಟ ಆಗ್ತದ."

"ಆಗ್ಲಿ ಬಿಡ್ರಿ," ಅಂತ ಫೋನಿಟ್ಟೆ. ಇಟ್ಟ ಮ್ಯಾಲ ಮರಗಿದೆ, ಸುಳ್ಳ್ಯಾಕ ಹೇಳ್ಲಿ? ವರ್ಷಗಟ್ಟಲೆ ಮೈ ಮುರದು ಕಟ್ಟಿದ್ದು.

ಮರುದಿನ ಕ್ಲಾಸು. ಅಮ್ಮಾರು ಹಿಂದಿನ ಬೆಂಚಿನ್ಯಾಗ ತಂಗಿ ಮಗಳ ಬಾಜೂ ಕೂತಿದ್ರು. ಇದ ಮಾಲಕರ ಬಗ್ಗೆ ಇನ್ನೊಂದು ಮಾತದ ಅಂತ ಹುಡುಗರಿಗೆ ಹೇಳಿ ವಿಡಿಯೋ ಮತ್ತ ಹಚ್ಚಿದೆ. ಮುಗೀತೋ ಇಲ್ಲೋ, ಎಂದಿನಂಗ ಗದ್ದಲ. ಮುಂದಿನ ಬೆಂಚಿನ ಚುರುಕ ಹುಡುಗಿ ಎದ್ದು, "ಒಬ್ಬರನ್ನರೆ ಕೇಳಿದ್ರ ಈ ತಪ್ಪು ಆಗ್ತಿರಲಿಲ್ಲ," ಅಂದ್ಲು.

"ಕೇಳಿದ್ರವ್ವಾ. ನನ್ನ ಕೇಳಿದ್ರು."

ಎಲ್ಲಾರೂ ಹಿಂದ ತಿರುಗಿದ್ರು. ಅಮ್ಮಾರು ನಡು ಹಾದ್ಯಾಗ ನಡಕೋತ ಮುಂದ ಬಂದು, ಪರದೆ ಬಾಜೂಕ ಗಂಡನ ಹೆಗಲ ಹತ್ರ ನಿಂತ್ರು. ತಾವು ಅವರ ಹೆಂಡತಿ ಅಂದ್ರು. ರೊಟ್ಟಿ ಬಡ್ಯಾಕತ್ತಿದ್ದಾಗ ಕೇಳಿದ್ದು, ಮುಚ್ರಿ ಅಂದದ್ದು, ಆಮ್ಯಾಲ ಅವರು ಕರಗಿದ್ದು, ಎಲ್ಲಾ ಹೇಳಿದ್ರು. ಅಳಲಿಲ್ಲ.

"ಈಗ ಹೇಳ್ರಿ. ಅವರನ್ನ ಬಿಡ್ರಿ. ನಾ ತಪ್ಪು ಹೇಳಿದ್ನೇನು?"

ಅವರು ಒಬ್ಬೊಬ್ಬರ ಮಾರಿ ನೋಡಿದ್ರು, ನನ್ನ ಮಾರೀನೂ ನೋಡಿದ್ರು. ಇಷ್ಟು ವರ್ಷ ಕಲಿಸಿದಾಕಿ ನಾನು, ತಲಿ ತಗ್ಗಿಸಿದೆ. ಆ ಚುರುಕ ಹುಡುಗಿ ಇನ್ನೂ ನಿಂತ ಇದ್ಲು. ಕಣ್ಣು ತುಂಬಿದ್ವು.

"ಗೊತ್ತಿಲ್ರಿ, ಅಮ್ಮಾ," ಅಂದ್ಲು.

ಅಮ್ಮಾರು ಗೋಣು ಹಾಕಿದ್ರು. ಆಕಿ ಕೊಟ್ಟಿದ್ದು ತಮಗ ಬೇಕಾದ ಉತ್ತರ ಅನ್ನೋರಂಗ ಗೋಣು ಹಾಕಿದ್ರು. ಆಮ್ಯಾಲ ಪರದೆ ಕಡೆ ತಿರುಗಿ, ಸೆರಗು ಮುಂದ ಎಳಕೊಂಡು, ಮನ್ಯಾಗ ಮಾತಾಡೋ ದನೀಲೆ ಅಂದ್ರು,

"ಕೇಳಿದ್ರೇನ್ರಿ? ಇವರಿಗೂ ಗೊತ್ತಿಲ್ಲಂತ. ಇನ್ನ ಮಲಕೋರಿ."

ನಾನು ಪ್ರೊಜೆಕ್ಟರ್ ಬಂದ್ ಮಾಡಿದೆ. ಮತ್ತ ಎಂದೂ ಅದನ್ನ ಹಚ್ಚಲಿಲ್ಲ.