ವೋಟಿಲ್ಲದ ಮನೆಯ ಕಾಫಿ

ಈ ಪರದೇಶದ ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಆಫೀಸ್ ಕೆಲಸ ಮಾಡುತ್ತಾ ಕೂತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಪಾರ್ಲಿಮೆಂಟ್ ಎಲೆಕ್ಷನ್ನಿಗೆ ನಿಂತಿದ್ದ ಹೆಂಗಸೊಬ್ಬರು, ಬಿಸಿಲಿಗೆ ಮುಖ ಕೆಂಪಾಗಿತ್ತು. ಇಲ್ಲಿ ಅಂಥವರನ್ನು ಹೊಸಿಲಲ್ಲೇ ಮಾತಾಡಿಸಿ ಕಳಿಸುವುದು ರೂಢಿ. ನನ್ನ ಬಾಯಿಂದ ಮಾತ್ರ "ಒಳಗೆ ಬನ್ನಿ, ಕಾಫಿ ಕುಡೀರಿ" ಅಂತ ಬಂದೇಬಿಟ್ಟಿತು.

ಆಕೆ ಕೂತು ಮನೆ ಬೆಲೆ, ಆಸ್ಪತ್ರೆ, ಹವಾಮಾನ ಎಲ್ಲದರ ಬಗ್ಗೆಯೂ ತಮ್ಮ ನಿಲುವು ಬಿಡಿಸಿ ಹೇಳಿದರು. ವಲಸೆ ಕಮ್ಮಿಯಾಗಬೇಕು ಅನ್ನುವಾಗ ಮಾತ್ರ ದನಿ ತಗ್ಗಿಸಿ, ಕಾಫಿ ಹೊಗಳಿದರು. ನಾನೂ ಹುರುಪಿನಿಂದ ವಾದಿಸಿದೆ. ಮುಕ್ಕಾಲು ಗಂಟೆಯಾದರೂ, ನನ್ನದು ಬರೀ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ವೋಟಿಲ್ಲ ಅಂತ ಹೇಳೋಕೆ ಬಾಯೇ ಬರಲಿಲ್ಲ. ಅಡುಗೆಮನೆಯಿಂದ ಹೆಂಡತಿ ಕಣ್ಣಲ್ಲೇ ಗದರುತ್ತಿದ್ದಳು.

ಕೊನೆಗೆ ಹೇಳಿದೆ. ಆಕೆ ನಕ್ಕರು.

"ಆಗಲೇ ಗೊತ್ತಾಯ್ತು. ಸಿಟಿಜನ್‌ಶಿಪ್‌ಗೆ ಎಷ್ಟು ಕಾಯಬೇಕು ಅಂತ ಮೂರು ಸಲ ಕೇಳಿದ್ರಲ್ಲ!"

"ಮತ್ತೆ ಇಷ್ಟೊತ್ತು ಯಾಕೆ ಕೂತ್ರಿ?"

"ಬೆಳಗ್ಗಿಂದ ಇಡೀ ಬೀದಿ ಸುತ್ತಿದೀನಿ. ಕೂತ್ಕೊಳ್ಳಿ ಅಂದಿದ್ದು ನೀವೊಬ್ಬರೇ."

ನಮ್ಮೂರಲ್ಲಿ ಎಲೆಕ್ಷನ್ ಬಂದರೆ ಕ್ಯಾಂಡಿಡೇಟೇ ಮನೆಮನೆಗೆ ಕುಕ್ಕರ್ ಕೊಟ್ಟು ಹೋಗುತ್ತಿದ್ದ. ಇಲ್ಲಿ ವೋಟೂ ಇಲ್ಲದ ನಾವು ಸ್ಟೀಲ್ ಡಬ್ಬಿ ತುಂಬ ಕೋಡುಬಳೆ ಕೊಟ್ಟು ಕಳಿಸಿದೆವು. ಹೆಂಡತಿಗೆ ಈಗ ಆ ಡಬ್ಬಿಯದೇ ಚಿಂತೆ. ಅದು ವಾಪಸ್ ಬರುವಷ್ಟರಲ್ಲಿ ನನಗೂ ವೋಟು ಬಂದಿರಬಹುದು.