ದಾಕು ಹಾಕುವವರ ಕುದುರೆ

ಮುಳಬಾಗಿಲಿನ ಸುತ್ತಲ ಹಳ್ಳಿಗಳಿಗೆ ಸಿಡುಬಿನ ಲಸಿಕೆ, ಆಗಿನ ಮಾತಿನಲ್ಲಿ ದಾಕು, ಹಾಕಲು ಬರುತ್ತಿದ್ದ ಒಬ್ಬರು ತಮ್ಮ ಕಂದು ಕುದುರೆಯನ್ನು ಯಾವಾಗಲೂ ರಸ್ತೆಯ ಎಡ ಅಂಚಿನಲ್ಲೇ ನಡೆಸುತ್ತಿದ್ದರು. ಮೋಟಾರಿನ ಸದ್ದು ಕೇಳಿದರೆ ಇಳಿದು, ಅದರ ಕಣ್ಣಿಗೆ ಅಂಗೈ ಅಡ್ಡ ಹಿಡಿದು ನಿಲ್ಲುತ್ತಿದ್ದರು. “ಇದಕ್ಕೇನು ಗೊತ್ತಪ್ಪಾ, ಮೋಟಾರು ಅಂದ್ರೆ?” ಎನ್ನುವುದು ಅವರ ಮಾತು.

ಎರಡನೇ ಮಹಾಯುದ್ಧದ ಕಾಲದ ಒಂದು ಬೆಳಿಗ್ಗೆ ನಾನು ಕೋಲಾರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅವರು ಕುದುರೆಯಿಂದ ಇಳಿಯುತ್ತಿದ್ದುದನ್ನು ಕಂಡೂ ಡ್ರೈವರು ಬಸ್ಸನ್ನು ಪಕ್ಕಕ್ಕೇ ತಂದು ಹಾರನ್ ಒತ್ತಿದ. ಕುದುರೆ ಬೆದರಿ ಮುಂಗಾಲೆತ್ತಿತು. ಅವರು ರಸ್ತೆ ಬದಿಯ ಗುಂಡಿಗೆ ಬಿದ್ದರು; ಲಗಾಮು ಮಾತ್ರ ಬಿಡಲಿಲ್ಲ. ಮಜಾ ನೋಡಲು ಡ್ರೈವರು ಬಸ್ಸು ನಿಲ್ಲಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ಮೇಲೆದ್ದು, ಕುದುರೆಯನ್ನು ಹಿಡಿದುಕೊಂಡೇ ಬಸ್ಸಿನ ಬಳಿ ಬಂದರು. ಒಂದು ತೋಳು ಜೋತುಬಿದ್ದಿತ್ತು.

“ಇಳಿಯೋ ಕೆಳಕ್ಕೆ!”

“ತಮಾಷೆಗೆ ಸಾಮಿ...” ಎನ್ನುತ್ತಾ ಡ್ರೈವರು ಇಳಿದ.

“ತಮಾಷೆನಾ? ಇದರ ಎದೆ ಮೇಲೆ ಕೈ ಇಡೋ!”

ಅವನು ಕೈಯಿಟ್ಟ. ಕುದುರೆಯ ಮೈಯೆಲ್ಲ ಅದುರುತ್ತಿದ್ದುದು ಕಿಟಕಿಯಿಂದ ನನಗೂ ಕಾಣುತ್ತಿತ್ತು. ಅವರು ನಮ್ಮ ಕಡೆ ತಿರುಗಿದರು.

“ನಿಮ್ಮ ಮಕ್ಕಳು ಸಾಯಬಾರ್ದು ಅಂತ ಇದರ ಮೇಲೇ ಊರೂರು ತಿರುಗ್ತೀನಿ ಕಣ್ರೋ. ಈಗ ನಗ್ರೋ!”

ಅವರು ಕುದುರೆ ಹತ್ತದೆ, ಅದನ್ನು ನಡೆಸಿಕೊಂಡೇ ಹೋದರು. ಅವರು ಕಣ್ಮರೆಯಾಗುವವರೆಗೂ ಡ್ರೈವರು ಬಸ್ಸು ಹತ್ತಲಿಲ್ಲ. ಅವನ ಮೇಲಿನ ನನ್ನ ಸಿಟ್ಟು ಎಂದೋ ಇಳಿಯಿತು. ನನ್ನ ಆ ನಗುವಿನ ಮೇಲಿನದು ಇಂದಿಗೂ ಇಳಿದಿಲ್ಲ.