ಗಿರಣಿ ಮಾವನ ಹೂಂ

ನಮ್ಮ ಮಾವನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಾಗಲೇ ಇಲ್ಲ. ಗೊತ್ತಾಗುವುದಾದರೂ ಹೇಗೆ? ಮೂವತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿ ಓಡುವಾಗ ಎಲ್ಲರೂ ಕಿರುಚಬೇಕು, ಕಿರುಚಿದ್ದರಲ್ಲೂ ಅರ್ಧ ಬೆಲ್ಟಿನ ಸದ್ದಿಗೆ ಹೋಗುತ್ತದೆ. ಬಂದವರ ತುಟಿ ನೋಡಿ, ಡಬ್ಬಿ ನೋಡಿ, ನುಣ್ಣಗೋ ತರಿತರಿಯೋ ಎಂದು ಬೆರಳಲ್ಲೇ ಕೇಳಿ ಕೆಲಸ ಮುಗಿಸುತ್ತಿದ್ದರು. ಮನೆಗೆ ಬಂದಾಗ ಹುಬ್ಬಿನ ತುಂಬ ಹಿಟ್ಟು, ಬಾಯಲ್ಲಿ ಒಂದೇ ಮಾತು: ಹೂಂ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇಂಥ ದೊಡ್ಡ ಮನಸ್ಸಿನವರು ಬೇರೆ ಇಲ್ಲ ಎಂದುಕೊಂಡಿದ್ದೆ. "ಮಾವ, ನಾನು ಕೆಲಸಕ್ಕೆ ಹೋಗ್ಲಾ?" ಹೂಂ. "ಸಂಜೆ ಬರೋದು ತಡ ಆಗತ್ತೆ." ಹೂಂ. ನಾನು ಖುಷಿಯಲ್ಲಿ ತೇಲುತ್ತಿದ್ದರೆ ಅತ್ತೆ ಮೂಗು ಮುರಿದರು.

"ಆ ಹೂಂಗೆ ಅರ್ಥ ಇಲ್ಲಮ್ಮ. ನನ್ನ ಮಾತಂದ್ರೆ ಅವರಿಗೆ ಅಷ್ಟಕ್ಕಷ್ಟೆ. ಗೋಡೆಗೆ ಹೇಳಿದ್ರೂ ಒಂದೇ."

ಹಾಗೆಂದೇ ಅತ್ತೆ ಮಾವನಿಗೆ ಏನನ್ನೂ ಹೇಳುವುದನ್ನು ಬಿಟ್ಟಿದ್ದರು. ಮೊದಲು ಬೀದಿಯ ಸುದ್ದಿ ನಿಂತಿತಂತೆ, ಆಮೇಲೆ ದೂರು, ಕೊನೆಗೆ ಊಟಕ್ಕೆ ಕರೆಯುವುದು ಕೂಡ ತಟ್ಟೆ ಕುಟ್ಟಿಯೇ.

ಮಾವನಿಗೆ ಗಿರಣಿ ಬಿಟ್ಟರೆ ರೇಡಿಯೊ. ಅದು ಅಂಟಿದ್ದೂ ಗಿರಣಿಯಿಂದಲೇ. ಮೋಟಾರು ಶುರುವಾದರೆ ಸಾಕು, ಪಕ್ಕದ ಮನೆಯ ರೇಡಿಯೊ ಗುರ್ರ್ ಎನ್ನುತ್ತಿತ್ತಂತೆ. ಪಕ್ಕದ ಮನೆಯವರು ಜಗಳಕ್ಕೆ ಬಂದರು. ಮಾವ ಜಗಳ ಬಿಟ್ಟು, ಹೀಗೇಕೆ ಆಗುತ್ತದೆ ಎಂದು ಪುಸ್ತಕ ಹಿಡಿದು ಕೂತರು. ಗುರ್ರ್ ನಿಂತಿತು, ಹುಚ್ಚು ನಿಲ್ಲಲಿಲ್ಲ. ಪರೀಕ್ಷೆ ಬರೆದು, ಮನೆಯಿಂದಲೇ ರೇಡಿಯೊದಲ್ಲಿ ಮಾತಾಡಲು ಬಿಡುವ ಹವ್ಯಾಸಿ (ಹ್ಯಾಮ್) ರೇಡಿಯೊ ಲೈಸೆನ್ಸು ತೆಗೆದುಕೊಂಡರು. ಬೀದಿಯವರು 'ರೇಡಿಯೊ ಗಿರಣಿ' ಎಂದು ಹೆಸರಿಟ್ಟರು. ಹಿಂದಿನ ಕೋಣೆಯಲ್ಲಿ, ಗೋಣಿಚೀಲಗಳ ನಡುವೆ, ಇಪ್ಪತ್ತೆರಡು ವರ್ಷ ಪ್ರತಿದಿನ ಬೆಳಗ್ಗೆ ಏಳಕ್ಕೆ ಒಬ್ಬರೇ ಒಬ್ಬ ಗೆಳೆಯರೊಡನೆ ಮಾತು. ಅವರು ನಲವತ್ತು ಕಿಲೋಮೀಟರ್ ಆಚೆಯ ಊರಿನ ನಿವೃತ್ತ ಮೇಷ್ಟ್ರು. ಬಸ್ಸು ಹತ್ತಿದರೆ ಒಂದೂವರೆ ಗಂಟೆ, ಆದರೆ ಒಮ್ಮೆಯೂ ಮುಖ ನೋಡಿಕೊಂಡವರಲ್ಲ. ಈ ಗಂಡಸರ ಸ್ನೇಹವೇ ನನಗೆ ಅರ್ಥವಾಗುವುದಿಲ್ಲ.

ಗುಟ್ಟು ರಟ್ಟಾದದ್ದು ಅಲ್ಲಿಯೇ. ಒಂದು ಬೆಳಗ್ಗೆ ಕಾಫಿ ಕೊಡಲು ಹೋದೆ. ಮಾವ ಹೆಡ್‌ಫೋನಿನ ಸದ್ದನ್ನು ಎಷ್ಟು ಏರಿಸಿದ್ದರೆಂದರೆ, ಬಾಗಿಲಲ್ಲಿ ನಿಂತ ನನಗೇ ಮೇಷ್ಟ್ರ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. "ನಮ್ಮನೆಯವಳು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿದೆ," ಎಂದರು ಅವರು. ಮಾವ ಗುಂಡಿ ಒತ್ತಿ, ಮುಖ ಅರಳಿಸಿ, "ಹೂಂ ಹೂಂ! ಬಹಳ ಸಂತೋಷ! ಮನೇಲಿ ಎಲ್ಲರಿಗೂ ಹೇಳ್ತೀನಿ!" ಎಂದರು.

ನಾನು ಪೇಪರಿನ ಅಂಚಿನಲ್ಲಿ ಮೇಷ್ಟ್ರ ಮಾತನ್ನು ಬರೆದು ತೋರಿಸಿದೆ. ಓದಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಸೆಟ್ಟಿನ ಮೇಲೆ ಒಂದು ಖಾಲಿ ಗೋಣಿಚೀಲ ಹೊದಿಸಿ ಎದ್ದುಹೋದರು. ಅವರ ಮುಖ ನೋಡಿ ನನಗೆ ಅಳು ಬಂತು.

ಡಾಕ್ಟರು ಕಿವಿಯ ನರವೇ ಸೋತಿದೆ ಎಂದರು. ಯಂತ್ರ ಹಾಕಿದರೆ ಎದುರು ನಿಂತವರ ಮಾತು ಒಂದಿಷ್ಟು ತಿಳಿದೀತು, ರೇಡಿಯೊದ್ದು ಕಷ್ಟ. ಕಿವಿಗೆ ಯಂತ್ರ ಹಾಕಿಸಿಕೊಂಡೇ ಮನೆಗೆ ಬಂದೆವು. ಅತ್ತೆಗೆ ಬಂದದ್ದು ಕೋಪ. "ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ!" ಎಂದು ಮಾವನ ಮುಖದೆದುರು ನಿಂತೇ ಕೂಗಿದರು. ಮಾವ ಅದಕ್ಕೂ ಹೂಂ ಎಂದರು. ಎಲ್ಲರಿಗೂ ಗೊತ್ತಾದ ಮೇಲೂ, 'ಏನಂದೆ' ಎಂದು ಕೇಳಲು ಆ ಮನುಷ್ಯನಿಗೆ ನಾಚಿಕೆ. ಮೇಷ್ಟ್ರೊಡನೆ ಮಾತು ನಿಂತು ತಿಂಗಳಾಯಿತು. ಏಳು ಗಂಟೆಗೆ ಮಾತ್ರ ದಿನವೂ ಆ ಕೋಣೆಗೆ ಹೋಗಿ ಗೋಣಿಚೀಲ ನೋಡುತ್ತಾ ಕೂರುತ್ತಿದ್ದರು. ಅದನ್ನು ನೋಡಲಾಗುತ್ತಿರಲಿಲ್ಲ.

ಆ ಕೋಣೆಯ ಅಟ್ಟ ಗುಡಿಸುವಾಗ ಒಂದು ದಿನ ನನಗೆ ಸೀಲು ಕೂಡ ಒಡೆಯದ ಡಬ್ಬಿಯೊಂದು ಸಿಕ್ಕಿತು. ಟೈಪು ಮಾಡಿದ್ದನ್ನು ರೇಡಿಯೊದಲ್ಲಿ ಕಳಿಸುವ ಪ್ಯಾಕೆಟ್ ರೇಡಿಯೊ ಮೋಡೆಮ್. ಯಾವಾಗಲೋ ಕೊಂಡು, 'ಬಾಯಿರುವಾಗ ಟೈಪು ಯಾಕೆ' ಎಂದು ಅಟ್ಟಕ್ಕೆ ಹಾಕಿದ್ದರಂತೆ. ಟೈಪು ನನ್ನ ಕಸುಬು, ಡಿಟಿಪಿ ಅಂಗಡಿಯಲ್ಲಿ ದಿನವಿಡೀ ಅದೇ ಕೆಲಸ. ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರನ್ನು ಕೇಳಿ ತಂದು ಗೋಣಿಚೀಲದ ಪಕ್ಕ ಇಟ್ಟೆ. ಮಾವ ಮೂರು ದಿನ ಅದನ್ನು ಕಹಿ ಔಷಧಿಯಂತೆ ನೋಡಿದರು. ನಾಲ್ಕನೇ ದಿನ ಕೋಣೆಯಿಂದ ಬೆಸುಗೆಯ ವಾಸನೆ ಬಂತು. ಮೋಡೆಮ್ಮಿನಿಂದ ರೇಡಿಯೊದ ಮೈಕಿಗೆ ತಂತಿ ಎಳೆಯುತ್ತಿದ್ದರು.

ನಾನು ಮೇಷ್ಟ್ರಿಗೆ ಫೋನು ಮಾಡಿದೆ. "ನನ್ನ ಹತ್ರಾನೂ ಒಂದು ಮೋಡೆಮ್ ಧೂಳು ತಿಂತಾ ಇದೆಯಮ್ಮ. ಭಾನುವಾರ ಏಳಕ್ಕೆ ಆನ್ ಮಾಡಿಟ್ಟಿರ್ತೀನಿ," ಎಂದರು. ಮಾವನ ಆ 'ಬಹಳ ಸಂತೋಷ'ದ ವಿಷಯ ಅವರು ಎತ್ತಲಿಲ್ಲ. ಕಿವಿಯ ವಿಷಯ ನಾನು ಎತ್ತಲಿಲ್ಲ. ಅದು ಮಾವನೇ ಹೇಳಬೇಕಾದದ್ದು.

ಆ ಮೋಡೆಮ್ ಪೆಟ್ಟಿಗೆಯ ಕೆಲಸವನ್ನು ಮಾವ ನನಗೆ ಗಿರಣಿಯ ಭಾಷೆಯಲ್ಲೇ ಹೇಳಿಕೊಟ್ಟರು. "ನಾವು ಬರೆದದ್ದನ್ನ ಇದು ಪೊಟ್ಟಣ ಕಟ್ಟತ್ತೆ. ಪೊಟ್ಟಣವನ್ನ ಸದ್ದು ಮಾಡಿ ರೇಡಿಯೊಗೆ ಕೊಡತ್ತೆ. ಆ ಕಡೆ ಪೆಟ್ಟಿಗೆ ಬಿಚ್ಚಿ ನೋಡತ್ತೆ. ಒಂದಕ್ಷರ ಚೆಲ್ಲಿರದಿದ್ರೆ ಮಾತ್ರ ಬಂತು ಅಂತ ತಿಳಿಸತ್ತೆ. ಚೆಲ್ಲಿದ್ರೆ ಬಾಯೇ ಬಿಡಲ್ಲ. ಆಗ ನಮ್ಮದು ಕಾದು, ಮತ್ತೆ ಅದನ್ನೇ ಕಳಿಸತ್ತೆ. ಹತ್ತು ಸಲ."

"ಅಂದ್ರೆ ಕೇಳಿಸದೆ ಹೂಂ ಅನ್ನಲ್ಲ," ಎಂದೆ ನಾನು. ಅವರ ಕಣ್ಣೆದುರೇ, ತುಟಿ ಬಿಡಿಸಿ ಹೇಳಿದೆ. ನನ್ನ ನಾಲಿಗೆ ಸ್ವಲ್ಪ ಉದ್ದ. ಮಾವ ಕನ್ನಡಕ ಒರೆಸಿಕೊಂಡರು.

ಭಾನುವಾರ ಬಂತು. ಮಾವ ಒಂದೇ ಬೆರಳಲ್ಲಿ ಮೇಷ್ಟ್ರ ಕರೆಗುರುತು, ಅಂದರೆ ಅವರ ರೇಡಿಯೊ ಹೆಸರು, ಒತ್ತಿದರು. ನನಗೆ ಲೈಸೆನ್ಸ್ ಇಲ್ಲ, ಕೀಲಿ ಮುಟ್ಟುವ ಹಾಗಿಲ್ಲ, ಕೈ ತುರಿಸಿದರೂ ಸುಮ್ಮನೆ ನಿಂತಿದ್ದೆ. ರೇಡಿಯೊದ ಕೆಂಪು ದೀಪ ಹತ್ತಿತು, ಆರಿತು. ಮತ್ತೆ ಹತ್ತಿತು, ಆರಿತು. ಹತ್ತು ಸಲ ಆದ ಮೇಲೆ ಪರದೆಯಲ್ಲಿ ಉತ್ತರವಿಲ್ಲ ಎಂದು ಬಂತು. ಆಂಟೆನಾ ನೋಡಿದರು, ಬೆಸುಗೆ ನೋಡಿದರು. ಮತ್ತೆ ಹತ್ತು ಸಲ.

"ಅವರಿಗೆ ಬೇಜಾರಾಗಿದೆ. ಮುಚ್ಚೋಣ," ಎಂದು ಗೋಣಿಚೀಲಕ್ಕೆ ಕೈ ಹಾಕಿದರು.

ಅಲೆ ಹೊರಗೆ ಹೋಗುತ್ತಿದೆಯೋ ಎಂದು ನೋಡಲು ಅಂಗೈಯಗಲದ ಇನ್ನೊಂದು ರೇಡಿಯೊ ಸೆಟ್ಟನ್ನು ನಾನು ಅಡುಗೆಮನೆಯಲ್ಲಿ ಇಟ್ಟು ಬಂದಿದ್ದೆ. ಅಲ್ಲಿಂದ ಅತ್ತೆ ಸಿಟ್ಟಿನಿಂದ ಬಂದರು. "ಇದೇನೇ ಇದು, ಕಿವಿ ತೂತಾಗತ್ತೆ! ನಿಮ್ಮ ಮಾವ ರೇಡಿಯೊದಲ್ಲಿ ಕಿರುಚೋ ಥರಾನೇ ಕಿರುಚತ್ತಲ್ಲ!"

ನನಗೆ ತಟ್ಟನೆ ಹೊಳೆಯಿತು. ಪೆಟ್ಟಿಗೆಯ ಸದ್ದನ್ನು ಮಾವ ಸ್ಪೀಕರಿಗೆ ಕಿವಿ ಹಚ್ಚಿ, ತಮಗೆ ಕೇಳಿಸುವವರೆಗೂ ಏರಿಸಿದ್ದರು. ಆ ಅಬ್ಬರಕ್ಕೆ ಪೊಟ್ಟಣಗಳೆಲ್ಲ ದಾರಿಯಲ್ಲೇ ಹರಿದುಹೋಗುತ್ತಿದ್ದವು. ಚೀಟಿಯಲ್ಲಿ ಬರೆದು ತೋರಿಸಿದೆ. ಮಾವ ಸ್ಕ್ರೂಡ್ರೈವರ್ ಹಿಡಿದು ಸ್ವಲ್ಪ ಇಳಿಸಿದರು. ಅಡುಗೆಮನೆಯ ಬಾಗಿಲಲ್ಲಿ ಸೆಟ್ಟು ಹಿಡಿದು ನಿಂತ ಅತ್ತೆ ಇನ್ನೂ ಎಂದು ಕೈ ಮಾಡಿದರು. ಇಳಿಸಿದರು. ಇನ್ನೂ.

"ನನಗೇನೂ ಕೇಳಿಸ್ತಾ ಇಲ್ಲ ಈಗ," ಎಂದರು ಮಾವ. ದನಿಯಲ್ಲಿ ಭಯವಿತ್ತು.

ಅತ್ತೆ ಹತ್ತಿರ ಬಂದು, ಅವರ ಗಲ್ಲ ತಮ್ಮ ಕಡೆ ತಿರುಗಿಸಿಕೊಂಡು, ನಿಧಾನವಾಗಿ ಹೇಳಿದರು: "ನನಗೆ ಕೇಳಿಸ್ತಿದೆ. ಸರಿಯಾಗಿದೆ. ಕಳಿಸಿ."

ಕೆಂಪು ದೀಪ ಹತ್ತಿ ಆರಿತು. ತಕ್ಷಣ ಹಸಿರು ದೀಪ ಮಿನುಗಿತು. ಮೇಷ್ಟ್ರ ಪೆಟ್ಟಿಗೆ ಹೂಂ ಎಂದಿತ್ತು.

ಮಾವ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಒಂದೊಂದಾಗಿ ಒತ್ತಿದರು: 'ಆ ದಿನ ನನಗೆ ಕೇಳಿಸಿರಲಿಲ್ಲ. ಕಿವಿ ಹೋಗಿ ಬಹಳ ಕಾಲ ಆಯಿತು. ಸುಳ್ಳೇ ಹೂಂ ಅನ್ನುತ್ತಿದ್ದೆ. ಕ್ಷಮಿಸಿ.'

ಉತ್ತರ ಮೂರು ಪೊಟ್ಟಣದಲ್ಲಿ ಬಂತು. 'ಎರಡು ವರ್ಷದಿಂದ ಗೊತ್ತಿತ್ತು. ನೀವು ಹೂಂ ಅನ್ನುತ್ತಿದ್ದಿರಲ್ಲ, ಅಷ್ಟೇ ಸಾಕು ಅಂತ ಹೇಳುತ್ತಾ ಹೋದೆ. ನಮ್ಮನೆಯವಳು ನಿನ್ನೆಯಿಂದ ಕೋಲು ಹಿಡಿದು ನಡೆಯುತ್ತಿದ್ದಾಳೆ. ಈಗ ಬೇಕಾದರೆ ಸಂತೋಷ ಅನ್ನಿ.'

ಮಾವ ಕಣ್ಣೊರೆಸಿಕೊಂಡು ನಕ್ಕರು. ನಾನೂ ಅಷ್ಟೆ.

ಅಷ್ಟರಲ್ಲಿ ಒಳಗೆ ಹೋಗಿದ್ದ ಅತ್ತೆ, ಹಳೇ ಅಭ್ಯಾಸದಂತೆ ತಮ್ಮಷ್ಟಕ್ಕೆ ಏನೋ ಅಂದರು. ಮಾವನ ಕಿವಿಯಂತ್ರಕ್ಕೆ ಬರೀ ಗುನುಗು ಬಿದ್ದಿರಬೇಕು. ಬಾಯಿ ಹೂಂ ಎನ್ನಲು ತೆರೆಯಿತು, ಮುಚ್ಚಿತು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಕೇಳಿಸಲಿಲ್ಲ ಕಣೇ. ಇನ್ನೊಂದ್ಸಲ ಹೇಳು."

ಅತ್ತೆಯ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. "ಏನಿಲ್ಲ ಬಿಡಿ. ಪಕ್ಕದ ಮನೆಯವರು ಮನೆ ಖಾಲಿ ಮಾಡ್ತಾರಂತೆ, ಅಂದೆ."

"ಯಾಕಂತೆ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಒಲೆ ಆರಿಸಿ, ಸ್ಟೂಲು ಎಳೆದು ಅವರ ಎದುರೇ ಕೂತು, ಮೊದಲಿನಿಂದ ಹೇಳಲು ಶುರುಮಾಡಿದರು.